ಹಿಂದಿನ ಗುರುತು ಆಮೇಲೆ, ಮುಂದಿನ ಹೂವು ಮೊದಲು

ಪ್ರಶ್ನೆ: ನಾವು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಇದ್ದೇವೆ. ಹತ್ತಿರದ ಹರಾಜು ಮನೆಯ ಪಟ್ಟಿಯಲ್ಲಿ ಒಂದು ಹಳೇ ಪಿಂಗಾಣಿ ಸೆಟ್ ಕಣ್ಣಿಗೆ ಬಿತ್ತು. ‘ಡರ್ಬಿ ಡೆಸರ್ಟ್ ಸೆಟ್, ಕೈಯಲ್ಲಿ ಬರೆದ ಹೂವಿನ ಚಿತ್ರಗಳು, ಸುಮಾರು 1795, ಒಟ್ಟು 14 ನಗ, ಕೆಲವು ಎ/ಎಫ್’ ಅಂತ ಬರೆದಿದ್ದಾರೆ. ಅಂದಾಜು ಬೆಲೆ 600ರಿಂದ 900 ಪೌಂಡ್. ಒಂದೊಂದು ತಟ್ಟೆಯಲ್ಲೂ ಬೇರೆ ಬೇರೆ ಗಿಡ. ಹಿಂದುಗಡೆ ಗಿಡದ ಹೆಸರು, ಒಂದು ಕಿರೀಟ, ಅದರ ಕೆಳಗೆ ‘ಡಿ’ ಅಕ್ಷರ. ಇದು ಅಸಲಿಯೇ? ಎಷ್ಟರವರೆಗೆ ಕೂಗಬಹುದು? ಊರಿಂದ ಬಂದಿರುವ ನಮ್ಮ ಅತ್ತೆಯವರು ‘ಇದಕ್ಕೆ ಎಲುಬು ಹಾಕಿರ್ತಾರಂತೆ, ಅಲ್ವಾ?’ ಅಂತ ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ಅತ್ತೆಯವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಉಳಿದ ಎರಡು ಪ್ರಶ್ನೆಗಳಿಗೂ ದಾರಿ ಅಲ್ಲಿಂದಲೇ ಇದೆ.

ಅವರು ಕೇಳಿದ್ದು ಸರಿ. ಇದು ನಿಜವಾಗಿ 1795ರ ಡರ್ಬಿ, ಅಂದರೆ ಡರ್ಬಿ ಊರಿನ ಪಿಂಗಾಣಿ ಕಾರ್ಖಾನೆಯದು ಆಗಿದ್ದರೆ ಅದರಲ್ಲಿ ಎಲುಬಿನ ಬೂದಿ ಇರುತ್ತದೆ. ದನದ ಎಲುಬನ್ನು ಬೆಳ್ಳಗಾಗುವಷ್ಟು ಸುಟ್ಟು, ಆ ಬೂದಿಯನ್ನು ನುಣ್ಣಗೆ ಅರೆದು ಮಣ್ಣಿಗೆ ಕಲಸುತ್ತಿದ್ದರು. ಸುಟ್ಟ ಮೇಲೆ ಮಾಂಸ, ಕೊಬ್ಬು ಏನೂ ಉಳಿಯುವುದಿಲ್ಲ. ಉಳಿಯುವುದು ಖನಿಜ ಮಾತ್ರ. ಆದರೂ ಮೂಲ ಎಲುಬೇ. ಮುಚ್ಚಿಡಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಬಳಸುವುದು ಬಿಡುವುದು ಅವರ ಮನಸ್ಸಿಗೆ ಬಿಟ್ಟದ್ದು.

ಆದರೆ ಇದರ ಜೊತೆಗೆ ಇನ್ನೊಂದು ವಿಷಯವನ್ನೂ ಅವರಿಗೆ ಹೇಳಿ. ಎಲ್ಲ ಇಂಗ್ಲಿಷ್ ಪಿಂಗಾಣಿಯಲ್ಲೂ ಎಲುಬು ಇರಲಿಲ್ಲ. 18ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನವರಿಗೆ ಚೀನಾದ ಪಿಂಗಾಣಿಯ ಗುಟ್ಟು ಇನ್ನೂ ಸಿಕ್ಕಿರಲಿಲ್ಲ. ಒಂದೊಂದು ಕಾರ್ಖಾನೆ ಒಂದೊಂದು ಪಾಕ ಹಿಡಿದು ಹೊರಟಿತು. ಪೂರ್ವ ಲಂಡನ್ನಿನ ಬೋ ಕಾರ್ಖಾನೆಯವರು ಎಲುಬಿನ ಬೂದಿ ಹಾಕಿದರು. ಡರ್ಬಿಯ ಮಾಲೀಕ ವಿಲಿಯಂ ಡ್ಯೂಸ್‌ಬರಿ 1770ರಲ್ಲಿ ಲಂಡನ್ನಿನ ಚೆಲ್ಸಿ ಕಾರ್ಖಾನೆಯನ್ನು ಕೊಂಡ. ಅಲ್ಲಿಂದಾಚೆ ಡರ್ಬಿಯ ಪಾಕಕ್ಕೂ ಎಲುಬಿನ ಬೂದಿ ಬಂತು. ಅರ್ಧದಷ್ಟು ಬೂದಿ ಹಾಕಿ, ಇವತ್ತು ನಾವು ಬೋನ್ ಚೈನಾ ಅನ್ನುವ ಪಾಕವನ್ನು ಹದಕ್ಕೆ ತಂದವರು ಸ್ಟೋಕ್ ಊರಿನ ಸ್ಪೋಡ್ ಮನೆಯವರು, 1790ರ ದಶಕದ ಹೊತ್ತಿಗೆ. ವೂಸ್ಟರ್‌ನವರ ದಾರಿಯೇ ಬೇರೆ. 1751ರಲ್ಲಿ ಶುರುವಾದ ಆ ಕಾರ್ಖಾನೆ ಕಾರ್ನ್‌ವಾಲ್‌ನಿಂದ ಬಳಪದ ಕಲ್ಲು ತರಿಸಿ ಪುಡಿ ಮಾಡಿ ಹಾಕುತ್ತಿತ್ತು. ನಮ್ಮ ಕಡೆ ಗೊಜ್ಜು, ಉಪ್ಪಿನಕಾಯಿ ಇಡುವ ಮರಿಗೆ ಮಾಡುತ್ತಾರಲ್ಲ, ಅದೇ ಜಾತಿಯ ಕಲ್ಲು. ಕುದಿಯುವ ನೀರು ಸುರಿದರೂ ವೂಸ್ಟರ್ ಟೀ ಪಾಟ್ ಸೀಳುತ್ತಿರಲಿಲ್ಲ. ಆಗಿನ ಕಾಲಕ್ಕೆ ಅದು ದೊಡ್ಡ ಹೆಸರು ತಂದ ಗುಣ. ಎಲುಬಿಲ್ಲದ್ದೇ ಬೇಕು ಅಂತ ಅತ್ತೆಯವರು ಅಂದರೆ 1760, 70ರ ದಶಕದ ವೂಸ್ಟರ್ ಹುಡುಕಿ. ಅದರಲ್ಲಿ ಎಲುಬಿಲ್ಲ.

ಈಗ ‘ಅಸಲಿಯೇ?’ ಅನ್ನುವುದಕ್ಕೆ ಬರೋಣ. ನೀವು ಎಲ್ಲರ ಹಾಗೆ ಮೊದಲು ತಟ್ಟೆ ತಿರುಗಿಸಿ ಕಿರೀಟ ನೋಡಿದ್ದೀರಿ. ನಾನು ಕಿರೀಟವನ್ನು ಕೊನೆಗೆ ನೋಡುತ್ತೇನೆ. ಮೊದಲು ಮೈ, ಆಮೇಲೆ ಬಣ್ಣ, ಆಮೇಲೆ ಗಿಲೀಟು, ಎಲ್ಲ ಮುಗಿದ ಮೇಲೆ ಗುರುತು. ಗುರುತನ್ನು ಯಾರು ಬೇಕಾದರೂ ಅರ್ಧ ನಿಮಿಷದಲ್ಲಿ ಬರೆಯಬಹುದು. ಗುಲಾಬಿಯನ್ನು ಹಾಗೆ ಬರೆಯಲಾಗುವುದಿಲ್ಲ.

ಮೈ ಅಂದರೆ ಮಣ್ಣಿನ ಪಾಕ. ಹರಾಜಿಗೆ ಮುಂಚೆ ಸಾಮಾನು ನೋಡಲು ಒಂದೆರಡು ದಿನ ಬಿಡುತ್ತಾರೆ. ತಪ್ಪದೆ ಹೋಗಿ. ಮೊಬೈಲ್ ಟಾರ್ಚನ್ನು ತಟ್ಟೆಯ ಹಿಂದೆ ಹಿಡಿದರೆ ಬೆಳಕು ತೂರಿ ಬರುತ್ತದೆ. ಹಳೇ ವೂಸ್ಟರ್ ಸ್ವಲ್ಪ ಹಸಿರು ಕೊಡುತ್ತದೆ. ಚೆಲ್ಸಿಯ ಕೆಲವು ತಟ್ಟೆಗಳಲ್ಲಿ ಅಲ್ಲಲ್ಲಿ ದುಂಡಗೆ ಹೆಚ್ಚು ಬೆಳಕಿನ ಚುಕ್ಕೆಗಳು ಕಾಣುತ್ತವೆ. ಸಂಗ್ರಹಕಾರರು ಅವನ್ನು ‘ಚಂದ್ರ’ ಅನ್ನುತ್ತಾರೆ. ಎಲ್ಲಾದರೂ ಚಕ್ಕೆ ಎದ್ದಿದ್ದರೆ ಭೂತಗನ್ನಡಿ ಇಟ್ಟು ಒಳಗಿನ ಮಣ್ಣು ನೋಡಿ. ಇಂಗ್ಲೆಂಡಿನ ಹಳೆಯ ಮೆದು ಪಿಂಗಾಣಿ (ಕಡಿಮೆ ಉರಿಯಲ್ಲಿ ಬೆಂದದ್ದು) ಒಡೆದ ಜಾಗದಲ್ಲಿ ಸಕ್ಕರೆ ಅಚ್ಚಿನ ಹಾಗೆ ಸಣ್ಣ ಕಣ ಕಣವಾಗಿರುತ್ತದೆ. ಜರ್ಮನಿ, ಫ್ರಾನ್ಸಿನ ಗಟ್ಟಿ ಪಿಂಗಾಣಿ ಗಾಜಿನ ಚೂರಿನ ಹಾಗೆ ನಯವಾಗಿ ಹೊಳೆಯುತ್ತದೆ. ಇದು ಯಾಕೆ ಮುಖ್ಯ ಅಂದರೆ, ಪ್ಯಾರಿಸ್ಸಿನಲ್ಲಿ 1845ರಿಂದ ಸ್ಯಾಮ್ಸನ್ ಅನ್ನುವ ಮನೆತನದವರು ಚೆಲ್ಸಿ, ಡರ್ಬಿ, ವೂಸ್ಟರ್ ಎಲ್ಲವನ್ನೂ ನೋಡಿ ನಕಲು ಮಾಡಿದರು. ಗುರುತನ್ನೂ ಹಾಕಿದರು. ಆದರೆ ಸಾಮಾನ್ಯವಾಗಿ ಅವರ ಮಣ್ಣು ಗಟ್ಟಿ ಪಾಕದ್ದು. ಅಲ್ಲಿ ಸಿಕ್ಕಿಬೀಳುತ್ತಾರೆ.

ಬಣ್ಣವೂ ಅದನ್ನೇ ಹೇಳುತ್ತದೆ. ಮೆದು ಪಿಂಗಾಣಿಯ ಮೆರುಗು, ಅಂದರೆ ಮೇಲಿನ ಗಾಜಿನಂಥ ಲೇಪ, ಆವಿಗೆಯಲ್ಲಿ ಸ್ವಲ್ಪ ಕರಗಿ ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಹೂವು ಮೆರುಗಿನೊಳಗೆ ತೇಲುತ್ತಿರುವ ಹಾಗೆ ಕಾಣುತ್ತದೆ. ಗಟ್ಟಿ ಪಾಕದ ಮೇಲೆ ಬಣ್ಣ ಮೇಲೇ ಕೂತಿರುತ್ತದೆ. ತಟ್ಟೆಯನ್ನು ಓರೆಯಾಗಿ ಹಿಡಿದು, ಕಿಟಕಿಯ ಬೆಳಕು ಹೂವಿನ ಮೇಲೆ ಜಾರುವ ಹಾಗೆ ಮಾಡಿ. ಒಮ್ಮೆ ಎರಡನ್ನೂ ಪಕ್ಕಪಕ್ಕ ನೋಡಿದರೆ ಜೀವನಪೂರ್ತಿ ಮರೆಯುವುದಿಲ್ಲ.

ಇನ್ನು ಚಿತ್ರ. ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ನೀವೂ ನಿಲ್ಲಿ.

ಮೊದಲು ಇದು ಕೈಯಲ್ಲಿ ಬರೆದದ್ದೋ, ಅಚ್ಚೊತ್ತಿದ್ದೋ ಅಂತ ತಿಳಿಯಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಸಣ್ಣ ಸಣ್ಣ ಚುಕ್ಕೆಗಳು ಸಾಲಾಗಿ ಕಂಡರೆ ಅದು ಅಂಟಿಸಿದ ಮುದ್ರಣ, ತೀರಾ ಈಚಿನದು. ಹೂವಿನ ಅಂಚಿನ ಗೆರೆ ಎಲ್ಲ ತಟ್ಟೆಯಲ್ಲೂ ಒಂದೇ ಥರ ಇದ್ದು, ಒಳಗೆ ಮಾತ್ರ ಬಣ್ಣ ತುಂಬಿದ್ದರೆ, ಗೆರೆ ಅಚ್ಚಿನದು, ಬಣ್ಣ ಕೈಯದು. 19ನೇ ಶತಮಾನದಲ್ಲಿ ಈ ಕೆಲಸ ಬೇಕಾದಷ್ಟು ಆಗಿದೆ. ಪೂರ್ತಿ ಕೈಕೆಲಸವಾದರೆ ಅಂಚಿನ ಗೆರೆ ಇರಲೇಬೇಕು ಅಂತಿಲ್ಲ. ಕುಂಚ ಒತ್ತಿದ ಕಡೆ ಬಣ್ಣ ದಟ್ಟ, ಎತ್ತಿದ ಕಡೆ ತೆಳು. ಒಂದು ಎಲೆ ಒಂದೇ ಎಳೆತದಲ್ಲಿ ಮುಗಿದಿರುತ್ತದೆ. ಬೆರಳ ತುದಿಯಿಂದ ಸವರಿದರೆ ಬಣ್ಣದ ಸಣ್ಣ ಏರು ಸಿಗುತ್ತದೆ.

1790ರ ಹೊತ್ತಿಗೆ ಡರ್ಬಿಯಲ್ಲಿ ಹೂ ಬರೆಯುತ್ತಿದ್ದವರಲ್ಲಿ ವಿಲಿಯಂ ಬಿಲ್ಲಿಂಗ್ಸ್‌ಲೀ ದೊಡ್ಡ ಹೆಸರು. ಅದುವರೆಗೆ ಗುಲಾಬಿ ಬರೆಯುವವರು ಬೆಳಕು ಬೀಳುವ ಜಾಗವನ್ನು ಮೊದಲೇ ಬಿಳಿ ಬಿಟ್ಟು, ಸುತ್ತ ಬಣ್ಣ ಹಾಕುತ್ತಿದ್ದರು. ಬಿಲ್ಲಿಂಗ್ಸ್‌ಲೀ ಇಡೀ ಹೂವಿಗೆ ಬಣ್ಣ ತುಂಬಿಬಿಡುತ್ತಿದ್ದ. ಆಮೇಲೆ ಬೇರೆ ಕುಂಚ ತೆಗೆದುಕೊಂಡು, ಬೆಳಕು ಬೇಕಾದ ಕಡೆ ಬಣ್ಣವನ್ನು ಒರೆಸಿ ತೆಗೆಯುತ್ತಿದ್ದ. ಒರೆಸಿದ ಜಾಗದ ಅಂಚು ಮೆತ್ತಗೆ ಕರಗಿಹೋಗುತ್ತದೆ. ಅದಕ್ಕೇ ಅವನ ಗುಲಾಬಿ ಎಸಳು ದುಂಡಗೆ, ಇಬ್ಬನಿ ಬಿದ್ದ ಹಾಗೆ ಕಾಣುತ್ತದೆ. ಅವನು ಬರೆದ ಒಂದು ತಟ್ಟೆಯನ್ನು ಕಲಿಯುವ ಹುಡುಗರು ನೋಡಿ ಬರೆಯಲಿ ಅಂತ ಕಾರ್ಖಾನೆಯಲ್ಲೇ ಇಟ್ಟುಕೊಂಡಿದ್ದರು. ‘ಪ್ರೆಂಟಿಸ್ ಪ್ಲೇಟ್’ ಅಂತ ಅದಕ್ಕೆ ಹೆಸರು. ಈಗ ಅದು ಡರ್ಬಿ ಮ್ಯೂಸಿಯಮ್ಮಿನಲ್ಲಿದೆ. ನಿಮಗೆ ದೂರವಿಲ್ಲ. ಹರಾಜಿಗೆ ಮುಂಚೆ ಒಂದು ಶನಿವಾರ ಆ ಮ್ಯೂಸಿಯಮ್ಮಿಗೆ ಹೋಗಿ ಡರ್ಬಿ ಪಿಂಗಾಣಿಯ ಮುಂದೆ ಅರ್ಧ ಗಂಟೆ ನಿಂತು ಬನ್ನಿ. ನಾನು ಬರೆಯುವ ಹತ್ತು ಪುಟಕ್ಕಿಂತ ಅದು ಜಾಸ್ತಿ ಕಲಿಸುತ್ತದೆ.

1790ರ ದಶಕದ ನಡುವೆ ಬಿಲ್ಲಿಂಗ್ಸ್‌ಲೀ ಡರ್ಬಿ ಬಿಡಲು ಹೊರಟಾಗ, ಲಂಡನ್ನಿನಲ್ಲಿ ಡ್ಯೂಸ್‌ಬರಿಯವರ ವ್ಯಾಪಾರ ನೋಡಿಕೊಳ್ಳುತ್ತಿದ್ದ ಜೋಸೆಫ್ ಲೈಗೋ, ಅವನನ್ನು ಹೇಗಾದರೂ ಉಳಿಸಿಕೊಳ್ಳಿ ಅಂತ ಮಾಲೀಕರಿಗೆ ಪತ್ರ ಬರೆದ. ಅವನು ಬೇರೆ ಕಾರ್ಖಾನೆ ಸೇರಿದರೆ ಈ ಥರ ಹೂ ಬರೆಯುವುದು ಅವರಿಗೂ ಗೊತ್ತಾಗಿಬಿಡುತ್ತದೆ ಅನ್ನುವುದು ಲೈಗೋನ ಚಿಂತೆ. ಒಬ್ಬ ಕೆಲಸಗಾರನ ಕೈಯ ಬೆಲೆ ಏನು ಅಂತ ವ್ಯಾಪಾರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಿದ್ದೂ ತಟ್ಟೆಯ ಮೇಲೆ ಸಹಿ ಹಾಕಲು ಆ ಚಿತ್ರಗಾರರಿಗೆ ಅವಕಾಶವಿರಲಿಲ್ಲ. ನನಗೆ ಇದು ಇವತ್ತಿಗೂ ಸಂಕಟ ಕೊಡುವ ಸಂಗತಿ. ಕಾರ್ಖಾನೆಯ ಕಿರೀಟ ಉಳಿಯಿತು, ಹೂ ಬರೆದವನ ಹೆಸರು ಉಳಿಯಲಿಲ್ಲ.

ನಿಮ್ಮ ಸೆಟ್ಟಿನಲ್ಲಿ ಬರಿಯ ಗುಲಾಬಿ ಗೊಂಚಲಲ್ಲ, ಒಂದೊಂದು ತಟ್ಟೆಗೆ ಒಂದೊಂದು ಗಿಡ, ಹಿಂದೆ ಅದರ ಹೆಸರು ಇದೆ ಅಂದಿರಿ. ಇದು ಒಳ್ಳೆಯ ಲಕ್ಷಣ. ಆಗಿನ ಇಂಗ್ಲೆಂಡಿನಲ್ಲಿ ಸಸ್ಯಗಳ ಹುಚ್ಚು ಜೋರಾಗಿತ್ತು. ಚೆಲ್ಸಿಯವರು 1750ರ ದಶಕದಲ್ಲೇ ದೊಡ್ಡ ಎಲೆ, ಬೀಜ, ಕಾಯಿ ಎಲ್ಲ ಬರೆದ ತಟ್ಟೆ ಮಾಡಿದ್ದರು. 1787ರಲ್ಲಿ ವಿಲಿಯಂ ಕರ್ಟಿಸ್ ಲಂಡನ್ನಿನಲ್ಲಿ ‘ಬೊಟಾನಿಕಲ್ ಮ್ಯಾಗಜೀನ್’ ಶುರು ಮಾಡಿದರು. ಪ್ರತಿ ಸಂಚಿಕೆಯಲ್ಲೂ ಕೈಯಲ್ಲಿ ಬಣ್ಣ ಹಾಕಿದ ಗಿಡಗಳ ಚಿತ್ರ. ಡರ್ಬಿಯವರು ಅದನ್ನು ಪಕ್ಕದಲ್ಲಿಟ್ಟುಕೊಂಡು ತಟ್ಟೆಗೆ ಇಳಿಸಿದರು. ಹಿಂದುಗಡೆ ಲ್ಯಾಟಿನ್ ಹೆಸರು, ಇಂಗ್ಲಿಷ್ ಹೆಸರು ಎರಡನ್ನೂ ಬರೆದರು.

ಇದರಿಂದ ನಿಮಗೊಂದು ಒಳ್ಳೆಯ ಉಪಾಯ ಸಿಗುತ್ತದೆ. ಆ ಪತ್ರಿಕೆಯ ಹಳೆಯ ಸಂಪುಟಗಳು ಇಂಟರ್ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಪ್ರತಿ ಚಿತ್ರದ ಕೆಳಗೂ ಪ್ರಕಟವಾದ ತಾರೀಖಿದೆ. ತಟ್ಟೆಯ ಹಿಂದಿನ ಹೆಸರು ಹಿಡಿದು ಹುಡುಕಿ. ಕಾಂಡದ ಬಾಗು, ಎಲೆ ಮಡಿಸಿದ ರೀತಿ ಹೊಂದಿದರೆ ಮೂಲ ಸಿಕ್ಕಿತು. ಆ ಚಿತ್ರ 1793ರದಾಗಿದ್ದರೆ ತಟ್ಟೆ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. 1805ರದಾಗಿದ್ದರೆ ಪಟ್ಟಿಯಲ್ಲಿನ ‘ಸುಮಾರು 1795’ ತಪ್ಪು. ಸಂಜೆ ಒಂದು ಗಂಟೆ ಕೂತರೆ ಮುಗಿಯುವ ಕೆಲಸ. ತಮ್ಮ ಪಾಡಿಗೆ ಹರಾಜಿನ ನೂರಾರು ಸಾಮಾನಿನ ವಿವರ ಬರೆಯುವ ಹರಾಜು ಮನೆಯವರಿಗೆ ಇಷ್ಟು ಪುರುಸೊತ್ತು ಇರುವುದಿಲ್ಲ.

ಇನ್ನೊಬ್ಬ ಚಿತ್ರಗಾರನ ವಿಷಯ ಹೇಳದೆ ಮುಂದೆ ಹೋಗಲಾರೆ. ವಿಲಿಯಂ ಪೆಗ್. ಅವನು ಕ್ವೇಕರ್ ಅನ್ನುವ, ಸರಳವಾಗಿ ಬದುಕಬೇಕೆನ್ನುವ ಕ್ರೈಸ್ತ ಪಂಥಕ್ಕೆ ಸೇರಿದವನು, 1796ರಲ್ಲಿ ಡರ್ಬಿಗೆ ಬಂದ. ಅವನು ಬರೆದ ಗಿಡ ತಟ್ಟೆಯ ತುಂಬ ಹರಡಿಕೊಂಡಿರುತ್ತದೆ. ಕಾಂಡ ತಟ್ಟೆಯ ಅಂಚಿನವರೆಗೂ ಚಾಚುತ್ತದೆ. ಮುಳ್ಳುಗಿಡ ಬರೆದರೆ ಮುಟ್ಟಲು ಹೆದರಿಕೆ ಆಗಬೇಕು, ಹಾಗೆ. ಆದರೆ ಚಂದಕ್ಕೆ ಚಿತ್ರ ಬರೆಯುವುದು ತನ್ನ ಧರ್ಮಕ್ಕೆ ಒಪ್ಪುವುದಿಲ್ಲ ಅಂತ ಅವನ ಮನಸ್ಸು ಚುಚ್ಚತೊಡಗಿತು. 1801ರಲ್ಲಿ ಕುಂಚ ಕೆಳಗಿಟ್ಟು ಕಾಲುಚೀಲ ನೇಯುವ ಕೆಲಸಕ್ಕೆ ಹೋದ. 1813ರಲ್ಲಿ ಮತ್ತೆ ಬಂದು 1820ರವರೆಗೆ ಬರೆದ. ನಿಮ್ಮ ಸೆಟ್ಟಿನಲ್ಲಿ ಗಿಡ ಅಂಥ ದಿಟ್ಟತನದಲ್ಲಿ, ನಿಜವಾದ ಅಳತೆಯಲ್ಲಿ ಇದ್ದರೆ ಎದೆ ಹೊಡೆದುಕೊಳ್ಳುವುದು ಸಹಜ. ಆದರೂ ‘ಪೆಗ್ ಬರೆದದ್ದು’ ಅಂತ ನಂಬಿ ಕೂಗಬೇಡಿ. ಸಹಿ ಇಲ್ಲದ ಕೆಲಸಕ್ಕೆ ಹೆಸರು ಅಂಟಿಸುವುದು ಸುಲಭ. ಒಳ್ಳೆಯ ಕೈ ಅಂತ ನಿಮಗೆ ಅನ್ನಿಸಿದರೆ ಅಷ್ಟು ಸಾಕು.

ಹೂವು ನೋಡುವಾಗ ಒಂಟಿಯಾಗಿ ಕೂತ ಹುಳ, ಚಿಟ್ಟೆ, ಚೆಲ್ಲಿದ ಎಲೆ ಕಂಡರೆ ಅಲ್ಲಿ ಬೆರಳಿಟ್ಟು ನೋಡಿ. ಆವಿಗೆಯಲ್ಲಿ ಮೆರುಗಿನ ಮೇಲೆ ಕಪ್ಪು ಚುಕ್ಕೆಯೋ ಸಣ್ಣ ಗುಳಿಯೋ ಬಿದ್ದರೆ, ತಟ್ಟೆ ಎಸೆಯುವ ಬದಲು ಅದರ ಮೇಲೊಂದು ಹುಳ ಬರೆದುಬಿಡುತ್ತಿದ್ದರು. ಚೆಲ್ಸಿ ತಟ್ಟೆಗಳಲ್ಲಿ ಇದು ತುಂಬ ಸಲ ಸಿಗುತ್ತದೆ. ಇದು ದೋಷ ಅಂತ ನಾನು ಬೆಲೆ ಇಳಿಸುವುದಿಲ್ಲ.

ಗಿಲೀಟಿನ ಬಗ್ಗೆ ಎರಡು ಮಾತು. 18ನೇ ಶತಮಾನದಲ್ಲಿ ಚಿನ್ನವನ್ನು ಜೇನಿನಲ್ಲಿ ಅರೆದು ಹಚ್ಚುತ್ತಿದ್ದರು. ಅದರ ಬಣ್ಣ ಮೆತ್ತಗೆ, ದಪ್ಪ. ಶತಮಾನದ ಕೊನೆಗೆ ಪಾದರಸದ ಗಿಲೀಟು ಬಂತು. ಅದು ತೆಳು, ಹಿತ್ತಾಳೆಯ ಹಾಗೆ ಜೋರಾಗಿ ಹೊಳೆಯುತ್ತದೆ. 200 ವರ್ಷ ಬಳಸಿದ ತಟ್ಟೆಯ ಅಂಚಿನಲ್ಲಿ ಚಿನ್ನ ಅಲ್ಲಲ್ಲಿ ಸವೆದಿರಬೇಕು. ಎಲ್ಲ ತಟ್ಟೆಯೂ ನಿನ್ನೆ ಅಂಗಡಿಯಿಂದ ತಂದ ಹಾಗೆ ಮಿನುಗುತ್ತಿದ್ದರೆ, ಮತ್ತೆ ಚಿನ್ನ ಹಚ್ಚಿದ್ದಾರಾ ಅಂತ ಕೇಳಿ.

ಈಗ ತಟ್ಟೆ ತಿರುಗಿಸಿ. ಡರ್ಬಿಯ ಕಿರೀಟ, ಅದರ ಕೆಳಗೆ ಗುಣಿಸು ಚಿಹ್ನೆಯ ಹಾಗೆ ಎರಡು ಕೋಲು, ಪಕ್ಕಕ್ಕೆ ಮೂರು ಮೂರು ಚುಕ್ಕೆ, ಕೆಳಗೆ ‘ಡಿ’. ಈ ಪೂರ್ತಿ ಗುರುತು 1782ರ ಸುಮಾರಿಗೆ ಬಂತು. ಮೊದಲ ವರ್ಷಗಳಲ್ಲಿ ನೇರಳೆ ಅಥವಾ ನೀಲಿ ಬಣ್ಣ, 19ನೇ ಶತಮಾನಕ್ಕೆ ಬಂದ ಮೇಲೆ ಹೆಚ್ಚಾಗಿ ಕೆಂಪು. ಕೈಯಲ್ಲಿ ಬರೆದದ್ದಾದ್ದರಿಂದ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ನಿಮ್ಮ ಸೆಟ್ಟಿನಲ್ಲಿ ಕೆಂಪು ಇದ್ದರೆ 1795 ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೋಲಿನ ಎರಡು ಬದಿಗೆ ‘ಎಸ್’ ಮತ್ತು ‘ಎಚ್’ ಇದ್ದರೆ ಅದು ಹಳೆಯ ಕಾರ್ಖಾನೆಯದೇ ಅಲ್ಲ. ಹಳೆಯದು 1848ರಲ್ಲಿ ಮುಚ್ಚಿತು. ಅಲ್ಲಿದ್ದ ಕೆಲಸಗಾರರು ಕಿಂಗ್ ಸ್ಟ್ರೀಟಿನಲ್ಲಿ ಸಣ್ಣದಾಗಿ ಬೇರೆ ಕಾರ್ಖಾನೆ ಮಾಡಿಕೊಂಡರು. 1860ರ ದಶಕದಿಂದ ಅವರು ಹಾಕಿದ ಗುರುತು ಅದು. ಕೆಲಸ ಚೆನ್ನಾಗಿಯೇ ಇರುತ್ತದೆ, ಬೆಲೆ ಬೇರೆ. ‘ರಾಯಲ್ ಕ್ರೌನ್ ಡರ್ಬಿ’ ಅನ್ನುವುದು ಮೂರನೆಯ ಸಂಸ್ಥೆ. 1876ರಲ್ಲಿ ಶುರುವಾಗಿ 1890ರಲ್ಲಿ ‘ರಾಯಲ್’ ಅನ್ನಿಸಿಕೊಂಡದ್ದು. ಯಾವುದೇ ಪಿಂಗಾಣಿಯ ಮೇಲೆ ‘ಇಂಗ್ಲೆಂಡ್’ ಅಂತ ದೇಶದ ಹೆಸರು ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು ಅಂತ ತಿಳಿಯಿರಿ. ಅಮೆರಿಕಕ್ಕೆ ಕಳಿಸುವ ಸಾಮಾನಿನ ಮೇಲೆ ದೇಶದ ಹೆಸರು ಇರಬೇಕು ಅಂತ ಆಗ ಕಾನೂನು ಬಂತು. ಕೋಲ್‌ಪೋರ್ಟ್ ಅನ್ನುವ ಇನ್ನೊಂದು ಇಂಗ್ಲಿಷ್ ಕಾರ್ಖಾನೆಯ ಸಾಮಾನಿನ ಹಿಂದೆ ‘1750’ ಅಂತ ಕಂಡು ಹಿಗ್ಗಬೇಡಿ. ಆ ಗುರುತು 19ನೇ ಶತಮಾನದ ಕೊನೆಯ ಭಾಗದಲ್ಲಿ ಬಂದದ್ದು.

ಪಟ್ಟಿಯ ಭಾಷೆಯನ್ನೂ ಓದಲು ಕಲಿಯಬೇಕು. ಸುಮ್ನೆ ‘ಡರ್ಬಿ’ ಅಂದರೆ ಅವರು ಅದು ಡರ್ಬಿಯೇ ಅಂತ ಮಾತು ಕೊಟ್ಟ ಹಾಗೆ. ‘ಡರ್ಬಿ ಶೈಲಿ’, ‘ಬಹುಶಃ ಡರ್ಬಿ’ ಅಂದರೆ ಕೊಟ್ಟಿಲ್ಲ. ‘ಎ/ಎಫ್’ ಅಂದರೆ ಇದ್ದ ಸ್ಥಿತಿಯಲ್ಲೇ ಮಾರುತ್ತೇವೆ, ಏಟು ಬಿದ್ದಿದೆ, ಆಮೇಲೆ ಕೇಳಬೇಡಿ ಅಂತ. ‘ಕೆಲವು ಎ/ಎಫ್’ ಅನ್ನುವುದರಲ್ಲಿ ಆ ‘ಕೆಲವು’ ಎಷ್ಟು? ಎರಡೋ ಹತ್ತೋ? ಇಮೇಲ್ ಬರೆದು ಪ್ರತಿ ನಗದ ಸ್ಥಿತಿಯ ವರದಿ ಕೇಳಿ. ಕೇಳಿದವರಿಗೆ ಕೊಡುತ್ತಾರೆ. 14 ನಗ ಅಂದದ್ದರಲ್ಲಿ ಮುಚ್ಚಳ, ಕೆಳಗಿನ ತಟ್ಟೆ ಎಲ್ಲ ಬೇರೆ ಬೇರೆ ಎಣಿಸಿದ್ದಾರಾ ಅದನ್ನೂ ಕೇಳಿ. ಎರಡು ಸಾಸ್ ಬಟ್ಟಲು, ಅದರ ಮುಚ್ಚಳ, ಅಡಿತಟ್ಟೆ ಸೇರಿದರೆ ಅಲ್ಲೇ ಆರು ನಗ ಮುಗಿಯಿತು.

ಸ್ಥಿತಿಯ ವಿಷಯದಲ್ಲಿ ನಾನೇ ಪಾಠ ಕಲಿತಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಕಡೆ ಹಣ್ಣಿನ ಚಿತ್ರವಿದ್ದ ತಟ್ಟೆಯನ್ನು ಫೋಟೋ ನೋಡಿಯೇ ಕೊಂಡೆ. ಒಂದು ಗೆರೆಯೂ ಇಲ್ಲ ಅಂತ ಪಟ್ಟಿ ಹೇಳಿತ್ತು. ಮನೆಗೆ ತಂದು ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಬಿಟ್ಟೆ. ಕಳ್ಳನೋಟು ನೋಡಲು ಬಳಸುತ್ತಾರಲ್ಲ, ಆ ಟಾರ್ಚ್. ತಟ್ಟೆ ಪೂರ್ತಿ ಮಂಕು ನೇರಳೆ, ಅಂಚಿನಲ್ಲಿ ಮಾತ್ರ ಅಂಗೈ ಅಗಲದ ಜಾಗ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಿನುಗಿತು. ಮುರಿದ ತುಂಡನ್ನು ಅಂಟಿಸಿ, ಮೇಲೆ ಬಣ್ಣ ಹೊಡೆದಿದ್ದರು. ಅರ್ಧ ದ್ರಾಕ್ಷಿ ಗೊಂಚಲು 18ನೇ ಶತಮಾನದ್ದು, ಇನ್ನರ್ಧ ನನ್ನ ಕಾಲದ್ದು. ಆ ತಟ್ಟೆ ಇನ್ನೂ ನನ್ನ ಹತ್ತಿರ ಇದೆ. ಕಲಿಯಲು ಬಂದವರಿಗೆ ಮೊದಲು ಅದನ್ನೇ ತೋರಿಸುತ್ತೇನೆ.

ಹಾಗಾಗಿ ಯುವಿ ಟಾರ್ಚ್ ಒಯ್ಯಿರಿ. ಈಚಿನ ಕೆಲವು ಬಣ್ಣಗಳು ಅದಕ್ಕೂ ಸಿಗುವುದಿಲ್ಲ, ಅದಕ್ಕೆ ಕೈಯನ್ನೂ ನಂಬಿ. ಅಸಲಿ ಮೆರುಗು ತಣ್ಣಗಿರುತ್ತದೆ, ಗಾಜಿನ ಹಾಗೆ. ತೇಪೆ ಹಾಕಿದ ಜಾಗ ಸ್ವಲ್ಪ ಬೆಚ್ಚಗೆ, ಪ್ಲಾಸ್ಟಿಕ್ ಥರ. ಹಳೇ ವ್ಯಾಪಾರಿಗಳು ಅಂಚನ್ನು ಹಲ್ಲಿಗೆ ತಾಗಿಸಿ ನೋಡುತ್ತಾರೆ. ಎಂಜಲು ಅಂತ ಅನ್ನಿಸಿದರೆ ಉಗುರು ಸಾಕು. ಆಮೇಲೆ ತಟ್ಟೆಯನ್ನು ಮೂರು ಬೆರಳ ತುದಿಯ ಮೇಲೆ ಕೂರಿಸಿ ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ಎಳೆದು ನುಡಿದರೆ ಗಟ್ಟಿ ಇದೆ. ‘ಟಪ್’ ಅಂತ ಅಲ್ಲೇ ಸತ್ತರೆ ಎಲ್ಲೋ ಬಿರುಕಿದೆ. ತಳದ ಬಳೆಯ ಹತ್ತಿರ ಅಗಲವಾಗಿ ಬಾಯಿಬಿಟ್ಟು, ಒಳಗೆ ಮೆರುಗು ಇಳಿದಿರುವ ಬಿರುಕು ಕಂಡರೆ ಹೆದರಬೇಡಿ. ಅದು ಆವಿಗೆಯಲ್ಲೇ ಆದದ್ದು, ಹುಟ್ಟುಗುರುತಿನ ಹಾಗೆ. ಆಮೇಲೆ ಬಿದ್ದು ಆದ ಬಿರುಕು ಕೂದಲಿನಷ್ಟು ಸಣ್ಣಗಿರುತ್ತದೆ, ಹೆಚ್ಚಾಗಿ ಅಂಚಿನಿಂದ ಒಳಗೆ ಓಡುತ್ತದೆ, ಕೊಳೆ ಕುಡಿದು ಕಂದಾಗಿರುತ್ತದೆ.

ಇನ್ನು ದುಡ್ಡಿನ ಮಾತು. ಹೆಸರು ಬರೆದ ಗಿಡಗಳಿರುವ 1795ರ ಡರ್ಬಿ, 14 ನಗಕ್ಕೆ 600ರಿಂದ 900 ಪೌಂಡ್ ಅಂದರೆ ನನಗೆ ಕಡಿಮೆ ಅನ್ನಿಸಿತು. ಏಟು ಬಿದ್ದ ನಗ ಜಾಸ್ತಿ ಇರಬಹುದು. ಅವರಿಗೇ ಕಾಲದ ಬಗ್ಗೆ ಅನುಮಾನ ಇರಬಹುದು. ಇಲ್ಲವೇ ನಾಲ್ಕು ಜನ ಬರಲಿ ಅಂತ ಬೇಕೆಂದೇ ಅಂದಾಜನ್ನು ಇಳಿಸಿಟ್ಟಿರಬಹುದು. ಮೂರನೆಯದು ಬಹಳ ನಡೆಯುತ್ತದೆ. ಅಂದಾಜು ಅನ್ನುವುದು ಬೆಲೆ ಅಲ್ಲ. ಮಾರುವವರು ಇಟ್ಟಿರುವ ಕನಿಷ್ಠ ಬೆಲೆ ಸಾಮಾನ್ಯವಾಗಿ ಕೆಳಗಿನ ಅಂದಾಜಿಗಿಂತ ಮೇಲೆ ಇರುವುದಿಲ್ಲ, ಅಷ್ಟು ತಿಳಿದರೆ ಸಾಕು.

ಸುತ್ತಿಗೆ ಬಿದ್ದ ಬೆಲೆಯೂ ನೀವು ಕೊಡುವ ಬೆಲೆ ಅಲ್ಲ. 900 ಪೌಂಡಿಗೆ ಸುತ್ತಿಗೆ ಬಿತ್ತು ಅನ್ನೋಣ. ಕೊಳ್ಳುವವರ ಕಮಿಷನ್ ನೂರಕ್ಕೆ 25 ಇದ್ದರೆ 225 ಪೌಂಡ್. ಆ ಕಮಿಷನ್ ಮೇಲೆ ನೂರಕ್ಕೆ 20 ವ್ಯಾಟ್, ಅಂದರೆ 45. ಒಟ್ಟು 1170. ಮನೆಯಲ್ಲಿ ಕೂತು ಆನ್‌ಲೈನ್ ಕೂಗಿದರೆ ಆ ಜಾಲತಾಣದ ಪಾಲು ಬೇರೆ. ಅದು ನೂರಕ್ಕೆ 5 ಇದ್ದರೆ 45, ಅದರ ವ್ಯಾಟ್ 9. ಅಲ್ಲಿಗೆ 1224 ಪೌಂಡ್ ಆಯಿತು. ಕಮಿಷನ್ ಒಂದೊಂದು ಕಡೆ ಒಂದೊಂದು ಥರ, ನಿಯಮದ ಪುಟದಲ್ಲಿ ಬರೆದಿರುತ್ತಾರೆ. ಪಿಂಗಾಣಿಯನ್ನು ಕಟ್ಟಿ ಕಳಿಸುವ ಕೆಲಸಕ್ಕೆ ಎಷ್ಟೋ ಹರಾಜು ಮನೆಯವರು ಕೈ ಹಾಕುವುದಿಲ್ಲ. ಹತ್ತಿರ ಇದ್ದೀರಿ, ಹಳೇ ಟವೆಲ್ ತಗೊಂಡು ಕಾರಿನಲ್ಲಿ ಹೋಗಿ ನೀವೇ ತನ್ನಿ.

ಎಷ್ಟರವರೆಗೆ ಕೂಗಬೇಕು ಅನ್ನುವುದಕ್ಕೆ ನಾನು ಮಾಡುವುದು ಇಷ್ಟು. ನೋಡಲು ಹೋದ ದಿನ ಕಾಗದದಲ್ಲಿ 14 ಸಾಲು ಎಳೆಯುತ್ತೇನೆ. ಗಟ್ಟಿ ಇರುವ ನಗಕ್ಕೆ ಒಂದು ಬೆಲೆ, ಕೂದಲು ಬಿರುಕಿಗೆ ಅದರ ಅರ್ಧಕ್ಕಿಂತ ಕಡಿಮೆ, ಅಂಟಿಸಿದ್ದಕ್ಕೆ ಹೆಚ್ಚುಕಡಿಮೆ ಸೊನ್ನೆ. ಕೂಡಿಸಿ, ಅದರಿಂದ ಕಮಿಷನ್ ಕಳೆದು ಬರುವ ಅಂಕಿಯನ್ನು ಕೊನೆಯಲ್ಲಿ ಬರೆದುಕೊಳ್ಳುತ್ತೇನೆ. ಹರಾಜಿನ ಬಿಸಿಯಲ್ಲಿ ಆ ಅಂಕಿ ದಾಟುವುದಿಲ್ಲ. ನಿಮ್ಮ ಸೆಟ್ಟಿನಲ್ಲಿ ಎಂಟು ನಗವಾದರೂ ಗಟ್ಟಿ ಇದ್ದು, ಗುರುತು ನೀಲಿಯೋ ನೇರಳೆಯೋ ಆಗಿದ್ದು, ಗಿಡ ಪೂರ್ತಿ ಕೈಯಲ್ಲಿ ಬರೆದದ್ದಾಗಿದ್ದರೆ, 900ಕ್ಕೇ ಕೈ ಇಳಿಸಬೇಡಿ ಅನ್ನುತ್ತೇನೆ. ಗೆರೆ ಅಚ್ಚಿನದಾಗಿದ್ದರೆ 600ಕ್ಕೂ ಕೈ ಎತ್ತಬೇಡಿ. ಪೂರ್ತಿ ಸೆಟ್ ಕೈ ತಪ್ಪಿದರೂ ಬೇಸರ ಬೇಡ. ಒಂದೇ ಒಂದು ಬಿಡಿ ತಟ್ಟೆ, ಅಂಚಿನಲ್ಲಿ ಸಣ್ಣ ಬಿರುಕಿದ್ದದ್ದು, ಬಹಳ ಕಡಿಮೆಗೆ ಸಿಗುತ್ತದೆ. ಕಣ್ಣು ಪಳಗಲು ಅದಕ್ಕಿಂತ ಒಳ್ಳೆಯ ಗುರು ಇಲ್ಲ.

ಮುಂದೆ ಊರಿಗೆ ಒಯ್ಯುವ ಯೋಚನೆ ಇದ್ದರೆ ಬಿಲ್, ಪಟ್ಟಿಯ ಪುಟ, ಸ್ಥಿತಿಯ ವರದಿ ಮೂರನ್ನೂ ಜೋಪಾನವಾಗಿಡಿ. ಕಸ್ಟಮ್ಸಿನವರು ವಯಸ್ಸು, ಬೆಲೆ ಎರಡನ್ನೂ ಕೇಳುತ್ತಾರೆ. ನೂರು ವರ್ಷ ದಾಟಿದ ಕಲಾವಸ್ತುವನ್ನು ಭಾರತದಿಂದ ಹೊರಗೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ. ಹಾಗಾಗಿ ಒಳಗೆ ತಂದ ಮೇಲೆ ವಾಪಸ್ ಒಯ್ಯುತ್ತೇನೆ ಅಂದುಕೊಳ್ಳಬೇಡಿ.

ಬಳಸುವ ವಿಷಯ. ಆ ಕಾಲದ ಮೆರುಗಿನಲ್ಲೂ ಬಣ್ಣದಲ್ಲೂ ಸೀಸ ಇರುತ್ತದೆ. ಹುಳಿ ತಗುಲಿದರೆ ಸೀಸ ಬಿಡಬಹುದು. ಸಾರು, ಗೊಜ್ಜು, ಉಪ್ಪಿನಕಾಯಿ, ನಿಂಬೆಹಣ್ಣು ಯಾವುದನ್ನೂ ಇದರಲ್ಲಿ ಬಡಿಸಬೇಡಿ. ಅರಿಶಿನವನ್ನಂತೂ ಹತ್ತಿರ ತರಬೇಡಿ. ಮೆರುಗಿನ ಸಣ್ಣ ಸೀಳುಗಳೊಳಗೆ ಇಳಿದರೆ ಆ ಹಳದಿ ಹೋಗುವುದಿಲ್ಲ. ಚಿನ್ನದ ಅಂಚು ಇರುವುದರಿಂದ ಮೈಕ್ರೋವೇವ್, ಡಿಶ್‌ವಾಷರ್ ಎರಡೂ ಬೇಡ. ಪ್ಲಾಸ್ಟಿಕ್ ಬೋಗುಣಿಯ ತಳಕ್ಕೆ ಟವೆಲ್ ಹಾಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಒಂದೊಂದೇ ತಟ್ಟೆ ತೊಳೆಯಿರಿ. ಅಂಟಿಸಿದ ನಗವನ್ನು ನೀರಿಗೆ ಇಳಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎತ್ತಿಡುವಾಗ ಎರಡು ತಟ್ಟೆಗಳ ನಡುವೆ ಮೆತ್ತನೆಯ ಬಟ್ಟೆಯ ತುಂಡು ಇರಲಿ. ಇಲ್ಲದಿದ್ದರೆ ಮೇಲಿನ ತಟ್ಟೆಯ ತಳದ ಬಳೆ ಕೆಳಗಿನ ಹೂವನ್ನು ಗೀರುತ್ತದೆ.

ನೋಡಲು ಹೋದ ದಿನ ಮೂರು ಫೋಟೋ ತೆಗೆದು ಕಳಿಸಿ: ಒಂದು ಹೂವನ್ನು ಹತ್ತಿರದಿಂದ, ಅದೇ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕೊನೆಗೆ ಹಿಂದಿನ ಗುರುತು. ಹರಾಜಿನ ಹಿಂದಿನ ಸಂಜೆಯೊಳಗೆ ಸಿಕ್ಕರೆ ನೋಡಿ ಹೇಳುತ್ತೇನೆ.